ಐದು ನಿಮಿಷಕ್ಕೆ ಒಂದು ವಾಕ್ಯ

ಸಭೆಗಳಲ್ಲಿ ಭಾಷಣ ಮಾಡುವವರ ಮುಂದೆ ಒಂದು ಲೋಟ ನೀರನ್ನು ತಟ್ಟೆ ಮುಚ್ಚಿ ಇಟ್ಟಿರುತ್ತಾರೆಂಬುದು ನಿಮಗೆ ಗೊತ್ತಿರುವ ಸಂಗತಿಯೇ. ಆದರೆ ಅವರ ಪಕ್ಕದಲ್ಲಿ ನಿಂತು, ಅವರು ಆಡಿದ್ದನ್ನೆಲ್ಲ ಇನ್ನೊಂದು ಭಾಷೆಯಲ್ಲಿ ಮತ್ತೆ ಆಡುವ ಬಡಪಾಯಿಯ ಮುಂದೆ ಆ ಲೋಟ ಇರುವುದಿಲ್ಲವೆಂಬುದನ್ನು ನೀವು ಗಮನಿಸಿರಲಾರಿರಿ. ನಾನೂ ಗಮನಿಸಿರಲಿಲ್ಲ, ಆ ಬಡಪಾಯಿ ನಾನೇ ಆಗುವವರೆಗೆ. ಭಾಷಣಕಾರ ಒಂದು ವಾಕ್ಯ ಹೇಳಿ ನಿಲ್ಲಿಸಿ, ಚಪ್ಪಾಳೆ ಬಂದೀತೇ ಎಂದು ಸಭೆಯನ್ನು ನೋಡುತ್ತಾ ವಿಶ್ರಮಿಸುತ್ತಾನೆ. ಭಾಷಾಂತರಕಾರನಿಗೆ ಮಾತ್ರ ಅವನು ಮಾತಾಡುವಾಗಲೂ ಕೆಲಸ, ಸುಮ್ಮನಿರುವಾಗಲೂ ಕೆಲಸ. ಭಾಷಾಂತರವೆಂದರೆ ಎರಡು ಭಾಷೆಗಳ ನಡುವಿನ ಅಂತರವೆಂದು ಹೇಳುವವರು ಆ ಅಂತರದಲ್ಲಿ ಒಮ್ಮೆಯೂ ನಿಂತವರಲ್ಲ. ನಿಂತಿದ್ದರೆ ಅಲ್ಲಿ ಕುಳಿತುಕೊಳ್ಳಲು ಒಂದು ಬೆಂಚಾದರೂ ಬೇಕಿತ್ತೆಂದು ಅವರಿಗೆ ತಿಳಿಯುತ್ತಿತ್ತು.

ಇದು ಎಂಬತ್ತರ ದಶಕದ ನಡುಭಾಗದ ಮಾತು. ನಾನಾಗ ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದೆ. ಆರು ದೇಶಗಳ ಆರು ಮಂದಿ ತರುಣ ತರುಣಿಯರು ನಮ್ಮ ಕಡೆಗೆ ಬರುತ್ತಾರೆ, ಪುತ್ತೂರು, ಸುಳ್ಯ, ಕಡಬಗಳಲ್ಲಿ ಒಂದೊಂದು ದಿನ ನಮ್ಮ ಯುವಜನರೊಡನೆ ಕುಳಿತು ‘ಸಾರ್ವಜನಿಕ ನೀತಿಯ ಸಮಾನ ಸವಾಲು’ಗಳ ಕುರಿತು ಸಂವಾದ ನಡೆಸುತ್ತಾರೆ ಎಂದು ತೀರ್ಮಾನವಾದಾಗ, ದುಭಾಷಿಯ ಹುಡುಕಾಟ ಶುರುವಾಯಿತು. ನಮ್ಮ ಸೀಮೆಯಲ್ಲಿ ಭಾಷೆಗಳಿಗೆ ಬರಗಾಲವಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೀನಿನವರೊಡನೆ ಬ್ಯಾರಿ, ರಬ್ಬರು ತೋಟದವರೊಡನೆ ಮಲೆಯಾಳ, ಸುಳ್ಯದ ನಂಟರೊಡನೆ ಅರೆಭಾಷೆ, ಹೀಗೆ ಸಾಮಾನ್ಯ ಮನುಷ್ಯನೊಬ್ಬ ಒಂದು ಹಗಲಿನಲ್ಲಿ ನಾಲ್ಕೈದು ಭಾಷೆಗಳನ್ನು ಉಟ್ಟು ಕಳಚುತ್ತಾನೆ. ಆದರೆ ಇಂಗ್ಲಿಷನ್ನು ಆಡಿದವನ ಹೊರತು ಬೇರೆಯವರಿಗೂ ಅರ್ಥವಾಗುವಂತೆ ಆಡುವವರು ಬೇಕಿತ್ತು. ಸಂಘಟಕರು ನನ್ನ ಮನೆಗೆ ಬಂದು, ‘ಮೂರೇ ದಿನ ಮಾರಾಯ್ರೆ, ಅವರು ಹೇಳಿದ್ದನ್ನು ಹೇಳಿದ್ರಾಯ್ತು’ ಎಂದರು. ಒಳಗಿನಿಂದ ಕೇಳಿಸಿಕೊಂಡ ನನ್ನ ಹೆಂಡತಿ, ಅವರು ಹೋದ ಮೇಲೆ, ‘ನಾನು ಹತ್ತು ಮಾತು ಹೇಳಿದ್ರೆ ನೀವು ಒಂದು ಹ್ಞೂಂ ಅನ್ನುದು. ಅಲ್ಲಿಯೂ ಹಾಗೇ ಮಾಡ್ಬೇಡಿ’ ಎಂದಳು. ಅದನ್ನು ನಾನು ವಿನೋದವೆಂದು ತಿಳಿದೆ.

ಮೊದಲನೆಯ ದಿನ ಪುತ್ತೂರಿನಲ್ಲಿ ನನ್ನನ್ನು ಕೆಡವಿದ್ದು ‘ನೀತಿ’ ಎಂಬ ಎರಡಕ್ಷರ. ಸರಕಾರ ಏನು ಮಾಡಬೇಕೆಂದು ಹಾಕಿಕೊಳ್ಳುವ ಯೋಜನೆಗೂ, ಮನುಷ್ಯ ಏನು ಮಾಡಬಾರದೆಂದು ಅಜ್ಜಿ ಹೇಳುವ ಬುದ್ಧಿಮಾತಿಗೂ ನಾವು ಇದೊಂದೇ ಪದವನ್ನು ಇಟ್ಟುಕೊಂಡಿದ್ದೇವೆ. ಭಾಷೆಯ ಬಡತನಕ್ಕೋ ನಮ್ಮ ಆಶಾವಾದಕ್ಕೋ ನನಗೆ ತಿಳಿಯದು. ಫಲಕದಲ್ಲಿದ್ದ ‘ಸಾರ್ವಜನಿಕ ನೀತಿ’ ಎಂಬುದನ್ನು ಓದಿ ನೀತಿಬೋಧೆಯೆಂದು ಭಾವಿಸಿ ಬಂದಿದ್ದ ಹಿರಿಯರೊಬ್ಬರು ಒಂದು ಗಂಟೆ ಸಹನೆಯಿಂದ ಕೇಳಿದ ಬಳಿಕ ಎದ್ದು ನಿಂತು, ‘ಅಲ್ಲ ಮಾಸ್ಟ್ರೇ, ನಮಗೆ ನೀತಿ ಹೇಳ್ಲಿಕ್ಕೆ ಅಷ್ಟು ದೂರದಿಂದ ಬರ್ಬೇಕಾ? ಮತ್ತೆ ಇವರು ನೀರಿನ ಪೈಪಿನ ವಿಷಯ ಎಂತಕ್ಕೆ ಮಾತಾಡುದು?’ ಎಂದು ಕೇಳಿದರು. ನಾನು ನೀತಿಯ ದ್ವಂದ್ವಾರ್ಥವನ್ನು ಕನ್ನಡದಲ್ಲಿ ಅವರಿಗೆ ವಿವರಿಸಿ, ನಾನು ವಿವರಿಸಿದ್ದು ಏನೆಂಬುದನ್ನು ಇಂಗ್ಲಿಷಿನಲ್ಲಿ ಆರು ದೇಶಗಳಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಹಿರಿಯರು ಹೊರಟುಹೋಗಿದ್ದರು.

ಎರಡನೆಯ ದಿನ ಸುಳ್ಯದಲ್ಲಿ ನಾನು ಕಸುಬಿನ ಗುಟ್ಟೊಂದನ್ನು ಕಂಡುಕೊಂಡೆ. ಮಾತನಾಡುವವನು ಮೂರು ವಾಕ್ಯಗಳಲ್ಲಿ ಹೇಳಿದ್ದನ್ನು ಒಂದರಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ತಿಳಿಯುವವರಿದ್ದರೆ ದುಭಾಷಿಯೇ ಬೇಕಿರಲಿಲ್ಲವಲ್ಲ! ನಮ್ಮ ಯುವಕ ಮಂಡಲದವರು ರಸ್ತೆಯ ಬಗ್ಗೆ, ಬಸ್ಸಿನ ಬಗ್ಗೆ, ಕರೆಂಟಿನ ಬಗ್ಗೆ ಊರಿನ ಹೆಸರು, ತಿರುವಿನ ಹೆಸರು ಸಮೇತ ದೂರಿಕೊಂಡರೆ, ನಾನು ‘ಮೂಲಸೌಕರ್ಯಗಳ ಕೊರತೆ’ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಮುಂದಿಟ್ಟು ಕೈತೊಳೆದುಕೊಂಡೆ. ಜರ್ಮನಿಯ ತರುಣಿ ಅದನ್ನು ಬರೆದುಕೊಂಡಳು. ಸಿಂಹಳದ ತರುಣ ತಲೆಯಾಡಿಸಿದ. ಎಲ್ಲ ದೇಶಗಳ ಸವಾಲುಗಳೂ ಸಮಾನವೆಂದು ಸಂಜೆಯ ಹೊತ್ತಿಗೆ ಸಾಬೀತಾಯಿತು. ಅವುಗಳನ್ನು ಸಮಾನ ಮಾಡಿದವನು ನಾನೆಂದು ಯಾರಿಗೂ ಹೊಳೆಯಲಿಲ್ಲ. ಒಬ್ಬನನ್ನು ಬಿಟ್ಟು. ತಾಂಜಾನಿಯಾದಿಂದ ಬಂದಿದ್ದ ಜೂಮಾ ಎಂಬ ಎತ್ತರದ ತರುಣ ಬರೆದುಕೊಳ್ಳುತ್ತಿರಲಿಲ್ಲ. ಮಾತಾಡುವವರ ಮುಖವನ್ನು ನೋಡುತ್ತಿದ್ದ, ಆಮೇಲೆ ನನ್ನ ಮುಖವನ್ನು ನೋಡುತ್ತಿದ್ದ. ಅವನ ನೋಟ ನನಗೆ ಹಿಡಿಸಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ನಾನು ಹುಡುಗರನ್ನು ನೋಡುವ ನೋಟ ಅದು.

ಮೂರನೆಯ ದಿನ ಕಡಬ. ಅಷ್ಟರಲ್ಲಿ ನನ್ನ ಗಂಟಲು ಕಟ್ಟಿ, ಕಾಲು ಸೋತು, ತಲೆಯೊಳಗೆ ಎರಡು ಭಾಷೆಗಳು ಒಂದನ್ನೊಂದು ನೂಕುತ್ತಾ ಯಾವುದೂ ಬಾಗಿಲು ದಾಟಿ ಹೊರಬರದ ಸ್ಥಿತಿ ಬಂದಿತ್ತು. ಬೆಳಗಿನ ಗೋಷ್ಠಿ ಹೇಗೋ ಕಳೆಯಿತು. ಮಧ್ಯಾಹ್ನದ ಊಟ ಭರ್ಜರಿಯಾಗಿತ್ತು. ಅದನ್ನು ಹಾಕಿಸಿದವರು ಆ ಕಡೆಯ ಬೀಡಿ ಬ್ರಾಂಚಿನ ಯಜಮಾನರು. ಮನೆಮನೆಗೆ ಎಲೆ ಮತ್ತು ಹೊಗೆಸೊಪ್ಪು ಕೊಟ್ಟು, ಹೆಂಗಸರು ಕಟ್ಟಿದ ಬೀಡಿಗಳನ್ನು ಕಟ್ಟುಕಟ್ಟಾಗಿ ತೆಗೆದುಕೊಳ್ಳುವ ಅಂಗಡಿಗೆ ನಮ್ಮಲ್ಲಿ ಬ್ರಾಂಚು ಎನ್ನುತ್ತಾರೆ. ಯಜಮಾನರು ಸೌಜನ್ಯದ ಮನುಷ್ಯ. ಭಾಷೆ ತಿರುಗಿಸಿ ತಿರುಗಿಸಿ ಬಳಲಿದ್ದೀರೆಂದು ನನಗೆ ತಾವೇ ನಿಂತು ಎರಡನೆಯ ಸಲ ಪಾಯಸ ಬಡಿಸಿದರು. ಬಳಿಕ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತರು.

ಊಟದ ನಂತರದ ವಿಷಯ ಯುವಜನರ ನಿರುದ್ಯೋಗ. ಆ ಹೊತ್ತಿಗೆ ಸಭಿಕರಲ್ಲಿ ಅರ್ಧದಷ್ಟು ಮಂದಿ ಕಣ್ಣುಮುಚ್ಚಿ ಚಿಂತಿಸುತ್ತಿದ್ದರು. ನಾಲ್ಕಾರು ಮಂದಿ ಮಾತಾಡಿ ಕುಳಿತ ಮೇಲೆ, ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ, ಇಸ್ತ್ರಿಯಿಲ್ಲದಿದ್ದರೂ ಮಡಿಕೆ ಕೆಡದ ಹತ್ತಿಯ ಸೀರೆ. ಹೆಸರು ರೇವತಿ, ಹತ್ತಿರದ ಪೆರಾಬೆಯ ಕಡೆಯವಳು, ಎಸ್ಸೆಸ್ಸೆಲ್ಸಿ ಪಾಸು ಎಂದು ತಾನೇ ಪರಿಚಯ ಹೇಳಿಕೊಂಡಳು. ಮಾತಿನ ನಡುವೆ ಒಣಕೆಮ್ಮು ಬರುತ್ತಿತ್ತು. ಬಂದಾಗ ನಿಲ್ಲಿಸಿ, ಕೆಮ್ಮು ಮುಗಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದಳು.

‘ನೀವು ಹಂಚಿದ ಕಾಗದದಲ್ಲಿ ನಮಗೆ ಕೆಲಸ ಇಲ್ಲ ಅಂತ ಬರ್ದಿದ್ದೀರಿ. ನನಗೆ ಎರಡನೇ ಕ್ಲಾಸಿನಿಂದ ಕೆಲಸ ಉಂಟು. ಶಾಲೆಗೆ ಹೋಗುವ ಮೊದಲು ಬೀಡಿ, ಬಂದ ಮೇಲೆ ಬೀಡಿ. ಬ್ರಾಂಚಿನ ಪುಸ್ತಕದಲ್ಲಿ ಇದ್ದದ್ದು ಅಮ್ಮನ ಹೆಸರು ಒಂದೇ. ಒಂದು ಮನೆಗೆ ಒಂದೇ ಹೆಸರು ಅಂತ ಹೇಳಿದ್ರು. ಅಮ್ಮ ತೀರಿಹೋಗಿ ಎರಡು ವರ್ಷ ಆಯ್ತು. ಪುಸ್ತಕದಲ್ಲಿ ಈಗಲೂ ಅವರೇ ಬೀಡಿ ಕಟ್ಟುದು. ನನಗೆ ಈ ಕೆಮ್ಮು ಶುರುವಾಗಿ ಆರು ತಿಂಗಳು. ಬೀಡಿ ಕಟ್ಟುವವರಿಗೆ ಅಂತಲೇ ಮದ್ದು ಕೊಡುವ ಜಾಗ ಉಂಟು, ಅಲ್ಲಿಗೆ ಹೋದೆ. ಕಾರ್ಡು ಎಲ್ಲಿ ಅಂತ ಕೇಳಿದ್ರು. ಅಮ್ಮನದ್ದು ತೋರಿಸಿದೆ. ಇವರು ಎಲ್ಲಿ ಅಂತ ಕೇಳಿದ್ರು. ಅಮ್ಮ ಸತ್ತಿದ್ದಾರೆ ಅಂತ ಹೇಳಿದ್ರೆ ಬ್ರಾಂಚಿನಲ್ಲಿ ಎಲೆ ಕೊಡುದಿಲ್ಲ. ಬದುಕಿದ್ದಾರೆ ಅಂತ ಹೇಳಿದ್ರೆ ನನಗೆ ಮದ್ದು ಕೊಡುದಿಲ್ಲ. ನಾನು ಎಂತ ಹೇಳ್ಬೇಕು? ನಿಮ್ಮ ದೇಶಗಳಲ್ಲಿ ಎಲ್ಲಿಯಾದರೂ ಸತ್ತವರಿಗೆ ಕೆಲಸ ಇದ್ದು ಬದುಕಿದವರು ನಿರುದ್ಯೋಗಿ ಆಗುದುಂಟಾ? ಇದ್ರೆ, ಅಲ್ಲಿಯವರು ಎಂತ ಮಾಡಿದ್ರು ಅಂತ ನನಗೆ ತಿಳೀಬೇಕು. ಅದನ್ನು ಕೇಳ್ಲಿಕ್ಕೇ ಬಂದದ್ದು ನಾನು.’

ಕೆಮ್ಮಿನ ಬಿಡುವುಗಳೂ ಸೇರಿ ಐದು ನಿಮಿಷವಾಗಿರಬಹುದು. ಚಿಂತನಮಗ್ನರೆಲ್ಲ ಕಣ್ಣು ತೆರೆದಿದ್ದರು. ಯಾರೂ ಯಜಮಾನರ ಕಡೆ ತಿರುಗಿ ನೋಡಲಿಲ್ಲ. ನೋಡದೇ ಇರುವ ಪ್ರಯತ್ನ ಮಾತ್ರ ಎದ್ದು ಕಾಣುತ್ತಿತ್ತು. ನಾನು ಗಂಟಲು ಸರಿಪಡಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: ‘ಗೃಹೋದ್ಯಮಗಳಲ್ಲಿ ಕಾರ್ಮಿಕರ ನೋಂದಣಿಯ ಸಮಸ್ಯೆಯಿದೆಯೆಂದು ಇವರು ಹೇಳುತ್ತಾರೆ.’

ಜರ್ಮನಿಯ ತರುಣಿ ಅದನ್ನು ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದಳು. ಸಭೆಯ ಅಧ್ಯಕ್ಷರು ನೆಮ್ಮದಿಯಿಂದ ಮುಂದಿನ ಹೆಸರನ್ನು ಕರೆಯಲು ಚೀಟಿ ಎತ್ತಿಕೊಂಡರು.

ಯಾಕೆ ಹಾಗೆ ಮಾಡಿದಿರಿ ಎಂದು ನೀವು ಕೇಳುತ್ತೀರಿ. ದಣಿದಿದ್ದೆ ಎಂದು ನಾನು ಬಹುಕಾಲ ಹೇಳಿಕೊಂಡಿದ್ದೇನೆ, ಅದು ಸುಳ್ಳೂ ಅಲ್ಲ. ಆದರೆ ಆಯಾಸವೆಂಬುದು ನೆಪಗಳಲ್ಲೆಲ್ಲ ಮಹಾ ಮರ್ಯಾದಸ್ಥ ನೆಪ. ಅದರ ಬೆನ್ನ ಹಿಂದೆ ಅಡಗಿ ಕುಳಿತ ಬೇರೆ ಸಂಗತಿಗಳನ್ನು ಯಾರೂ ಇಣುಕಿ ನೋಡುವುದಿಲ್ಲ. ಅಲ್ಲಿ ಎರಡು ಸಲ ಬಡಿಸಿದ ಪಾಯಸವೂ ಇತ್ತು, ಮುಂದಿನ ಸಾಲಿನ ಸೌಜನ್ಯದ ಮುಖವೂ ಇತ್ತು, ಪರದೇಶದವರ ಎದುರು ನಮ್ಮೂರಿನ ಮಾನ ಹೋಗುವುದು ಬೇಡವೆಂಬ ಗೃಹಸ್ಥ ವಿವೇಕವೂ ಇತ್ತು. ಊರಿನವರಿಗೆಲ್ಲ ಅವಳ ಮಾತು ಅರ್ಥವಾಗಿತ್ತು. ಅರ್ಥವಾಗಿದ್ದೂ ಸುಮ್ಮನಿರುವ ಅಭ್ಯಾಸ ನಮಗಿತ್ತು. ಆ ಅಭ್ಯಾಸವಿಲ್ಲದ ಆರು ಮಂದಿಗೆ ಅದು ತಲಪದಂತೆ ತಡೆಯುವ ಸ್ಥಾನದಲ್ಲಿದ್ದವನು ನಾನೊಬ್ಬನೇ.

ಜೂಮಾ ಎದ್ದು ನಿಂತ. ‘ಕ್ಷಮಿಸಿ’ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ, ‘ಅವರು ಬಹಳ ಹೊತ್ತು ಮಾತಾಡಿದರು. ಉಳಿದದ್ದು ಎಲ್ಲಿ?’

ಹಿಂದಿನ ಸಾಲಿಗೆ ತಿರುಗಿ, ‘ರೇವತಿ, ಇನ್ನೊಮ್ಮೆ ಹೇಳ್ತೀರಾ?’ ಎಂದೆ.

ಅವಳು ಇನ್ನೂ ನಿಂತೇ ಇದ್ದಳು. ‘ಅರ್ಥ ಆಗದ್ದು ಅವರಿಗಾ, ನಿಮಗಾ ಮಾಸ್ಟ್ರೇ?’

‘ನನಗೆ ಅರ್ಥ ಆಗಿದೆ.’

‘ಹಾಗಾದ್ರೆ ನೀವೇ ಹೇಳಿ. ನಾನು ಕೇಳ್ತೇನೆ’ ಎಂದು ಅವಳು ಕುಳಿತುಬಿಟ್ಟಳು.

ಮಾಸ್ತರಿಕೆಯ ಹನ್ನೊಂದು ವರ್ಷಗಳಲ್ಲಿ ಪಾಠ ಒಪ್ಪಿಸಲು ನನ್ನನ್ನು ಯಾರೂ ನಿಲ್ಲಿಸಿರಲಿಲ್ಲ. ‘ಇವರು ಹೇಳುತ್ತಾರೆ’ ಎಂದು ಮೊದಲು ಮಾಡಲು ಹೊರಟೆ. ಆ ಎರಡು ಪದಗಳ ಮರೆಯಲ್ಲಿ ಮತ್ತೆ ತಪ್ಪಿಸಿಕೊಳ್ಳುತ್ತೇನೆಂದು ತೋರಿ ಬಿಟ್ಟುಬಿಟ್ಟೆ. ‘ನನಗೆ ಎರಡನೇ ತರಗತಿಯಿಂದ ಕೆಲಸವಿದೆ’ ಎಂದೆ. ‘ನನ್ನ ತಾಯಿ ತೀರಿಹೋಗಿ ಎರಡು ವರ್ಷವಾಯಿತು. ಪುಸ್ತಕದಲ್ಲಿ ಈಗಲೂ ಅವಳೇ ಬೀಡಿ ಕಟ್ಟುತ್ತಾಳೆ’ ಎಂದೆ. ಕಟ್ಟಿದ ಗಂಟಲಲ್ಲಿ ಇಂಗ್ಲಿಷ್ ಒರಟಾಗಿ, ವ್ಯಾಕರಣ ಅಲ್ಲಲ್ಲಿ ಕೈಬಿಟ್ಟು, ಹೇಗೋ ಹೊರಬಂತು. ರೇವತಿಗೆ ಇಂಗ್ಲಿಷ್ ಆಡಲು ಬಾರದಿದ್ದರೂ ಶಾಲೆಯಲ್ಲಿ ಕಲಿತಿದ್ದರಿಂದ ಕೇಳಿದರೆ ತಿಳಿಯುತ್ತಿತ್ತು. ಕಣ್ಣು ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದಳು. ಕೆಮ್ಮಿನ ವಿಷಯ ಬಿಟ್ಟು ಮುಂದೆ ಹೋದಾಗ, ಅವಳು ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. ನಾನು ಹಿಂದೆ ಹೋಗಿ ಅದನ್ನೂ ಹೇಳಿದೆ. ಕೊನೆಯ ಪ್ರಶ್ನೆಯನ್ನೂ ಹೇಳಿ ಮುಗಿಸಿದೆ. ಅಧ್ಯಕ್ಷರು ಗಡಿಯಾರ ನೋಡಿ, ಚಹಾ ತಯಾರಾಗಿದೆಯೆಂದು ಘೋಷಿಸಿದರು.

ಜಗಲಿಯಲ್ಲಿ ಜೂಮಾ ಚಹಾ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದ. ನಾನು ಬೈಗುಳವನ್ನು ನಿರೀಕ್ಷಿಸಿದ್ದೆ. ಅವನು ತನ್ನ ತಂದೆಯ ವಿಷಯ ಹೇಳಿದ. ಬ್ರಿಟಿಷರ ಕಾಲದಲ್ಲಿ ಆತ ಜಿಲ್ಲೆಯ ಅಧಿಕಾರಿಗೆ ದುಭಾಷಿಯಾಗಿದ್ದನಂತೆ. ಹಳ್ಳಿಯವರು ಮರದ ಕೆಳಗೆ ನಿಂತು ಅರ್ಧ ದಿನ ತಮ್ಮ ಕಷ್ಟ ಹೇಳಿಕೊಂಡರೆ, ಆತ ಅಧಿಕಾರಿಗೆ ‘ಇವರಿಗೆ ಅಸಮಾಧಾನವಿದೆ, ಸಾಹೇಬರೇ’ ಎನ್ನುತ್ತಿದ್ದನಂತೆ. ‘ಅಪ್ಪ ಕೆಟ್ಟವನಲ್ಲ’ ಎಂದ ಜೂಮಾ. ‘ದಿನಕ್ಕೆ ನಾಲ್ಕು ಹಳ್ಳಿ ನಡೆಯಬೇಕಿತ್ತು. ಮುದುಕನಾದ ಮೇಲೆ, ಅವರು ಹೇಳಿದ್ದನ್ನೆಲ್ಲ ನಮಗೆ ಹೇಳಲು ಶುರು ಮಾಡಿದ. ಒಂದು ಪದವನ್ನೂ ಮರೆತಿರಲಿಲ್ಲ.’ ಇಷ್ಟು ಹೇಳಿ ಅವನು ಚಹಾ ಕುಡಿದ. ಮೂರು ದಿನಗಳ ಸಂವಾದದಲ್ಲಿ ನಾನು ಕಂಡ ಏಕೈಕ ಸಮಾನ ಸವಾಲು ಅದು: ಎಲ್ಲ ದೇಶಗಳಲ್ಲೂ ನೊಂದವನಿಗೂ ಬರೆದುಕೊಳ್ಳುವವನಿಗೂ ನಡುವೆ, ಮನೆಗೆ ಹೋಗುವ ಅವಸರದಲ್ಲಿರುವ ಒಬ್ಬ ಸುಸ್ತಾದ ಮನುಷ್ಯ ನಿಂತಿರುತ್ತಾನೆ.

ಯಜಮಾನರು ಹೊರಡುವಾಗ ನನ್ನ ಕೈಹಿಡಿದು, ‘ಇಂಗ್ಲಿಷಲ್ಲಿ ನನ್ನ ಹೆಸರು ಹೇಳಿದ್ರಾ ಮಾಸ್ಟ್ರೇ?’ ಎಂದು ಕೇಳಿದರು.

‘ಅವಳೇ ಹೇಳ್ಲಿಲ್ಲ. ನಾನು ಹೇಗೆ ಹೇಳುದು?’

‘ನನಗೂ ಮೇಲಿನವರು ಇದ್ದಾರೆ. ಹೊಸ ಹೆಸರು ಸೇರಿಸ್ಲಿಕ್ಕೆ ಅವರು ಬಿಡುದಿಲ್ಲ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಆ ದಿನ ಅದು ಎಲ್ಲರಿಗೂ ಅಂಟಿದ ಹಾಗಿತ್ತು.

ಪರದೇಶದವರು ಹೋದರು. ಕಥೆ ಅಲ್ಲಿಗೇ ಮುಗಿದಿದ್ದರೆ ಇದೊಂದು ಸುಂದರ ನೆನಪಾಗಿ ಉಳಿಯುತ್ತಿತ್ತು. ಎರಡು ವಾರ ಕಳೆದು, ಒಂದು ಮಧ್ಯಾಹ್ನ ಶಾಲೆಯ ಗೇಟಿನ ಬಳಿ ರೇವತಿ ನಿಂತಿದ್ದಳು. ‘ಎಲೆ ಕೊಡುದು ನಿಲ್ಲಿಸಿದ್ರು ಮಾಸ್ಟ್ರೇ’ ಎಂದಳು. ‘ಅಮ್ಮ ಸತ್ತದ್ದು ಈಗ ಸಭೆಯಲ್ಲೇ ಗೊತ್ತಾಯ್ತಲ್ಲ, ಇನ್ನು ಅವರ ಹೆಸರಲ್ಲಿ ಹೇಗೆ ಕೊಡುದು ಅಂತ ಕೇಳ್ತಾರೆ. ಈಗ ನೆರೆಮನೆಯವರ ಎಲೆ ತಂದು ಅವರ ಹೆಸರಲ್ಲಿ ಕಟ್ಟುದು.’ ತಾಯಿಯ ಹೆಸರು ಹೋಗಿ ನೆರೆಯವಳ ಹೆಸರು ಬಂದಿತ್ತು. ಅವಳದು ಇನ್ನೂ ಬಂದಿರಲಿಲ್ಲ. ನನ್ನನ್ನು ದೂರುತ್ತಾಳೇನೋ ಎಂದು ಕಾದೆ. ‘ಅರ್ಜಿ ಬರೀಬೇಕು. ನಾನು ಹೇಳಿದ ಹಾಗೇ ಬರೀಬೇಕು’ ಎಂದಳು, ಅಷ್ಟೇ.

ಬರೆದೆ. ನಾಲ್ಕು ಪುಟವಾಯಿತು. ಬೀಡಿ ಕಾರ್ಮಿಕರಿಗೆ ಗುರುತಿನ ಕಾರ್ಡು ಕೊಡುವ ಪುತ್ತೂರಿನ ಕಚೇರಿಗೆ ಹೋದರೆ, ಅಲ್ಲಿಯವರು ಸಂಕ್ಷೇಪವಾಗಿ ಬರೆದು ತನ್ನಿ ಎಂದರು. ಸಂಕ್ಷೇಪದ ವಿದ್ಯೆ ನನಗೆ ಕರಗತವಾಗಿತ್ತಾದರೂ ರೇವತಿ ಒಪ್ಪಲಿಲ್ಲ. ಆಮೇಲೆ ಬ್ರಾಂಚಿನ ಪತ್ರ ಬೇಕೆಂದರು. ಬ್ರಾಂಚಿನವರು ಕಚೇರಿ ಕೇಳಿದರೆ ಕೊಡುತ್ತೇವೆಂದರು. ಕಚೇರಿಯವರು ಕೇಳುವ ಪದ್ಧತಿಯಿಲ್ಲವೆಂದರು. ಎರಡು ಊರುಗಳ ನಡುವೆ ನಾವು ಬಸ್ಸಿನಲ್ಲಿ ಎಷ್ಟು ಸಲ ತಿರುಗಿದೆವೋ! ಅವಳು ಬೆಳಿಗ್ಗೆ ಪೆರಾಬೆಯಿಂದ ಹೊರಟು ಬರುತ್ತಿದ್ದಳು. ನಾನು ಎರಡನೆಯ ಪೀರಿಯಡ್ಡಿಗೆ ರಜೆ ಹಾಕಿ ಹೋಗುತ್ತಿದ್ದೆ. ಆ ನಡುವೆ ಸಂವಾದದ ವರದಿ ಅಂದವಾದ ಪುಸ್ತಕವಾಗಿ ಬಂತು. ಪುಟ ತಿರುಗಿಸಿ ಹುಡುಕಿದೆ. ಕಡಬದ ಅಧ್ಯಾಯದಲ್ಲಿ, ‘ಗೃಹೋದ್ಯಮಗಳಲ್ಲಿ ಕಾರ್ಮಿಕರ ನೋಂದಣಿಯ ಸಮಸ್ಯೆ’ ಎಂದಿತ್ತು. ನನ್ನದೇ ಮೊದಲ ವಾಕ್ಯ. ಎರಡನೆಯ ಸಲ ನಾನು ಹೇಳಿದಾಗ ಜರ್ಮನಿಯ ತರುಣಿ ಕೇಳುತ್ತಿದ್ದಳೇ ಹೊರತು ಬರೆಯುತ್ತಿರಲಿಲ್ಲ. ಪೆನ್ನಿನ ಮುಚ್ಚಳ ಹಾಕಿಯಾಗಿತ್ತು. ಅದನ್ನು ರೇವತಿಗೆ ತೋರಿಸುವ ಧೈರ್ಯ ನನಗೆ ಬರಲಿಲ್ಲ. ಜೂಮಾನಿಂದ ಒಂದು ಅಂಚೆಕಾರ್ಡು ಬಂತು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ: ಬ್ರಾಂಚಿನ ಪುಸ್ತಕದಲ್ಲಿ ರೇವತಿಯ ಹೆಸರು ಬಂತೇ? ಉತ್ತರ ಬರೆಯಲು ಕುಳಿತು ಎದ್ದದ್ದು ಎಷ್ಟು ಸಲವೋ. ಇನ್ನು ಬಿಟ್ಟುಬಿಡೋಣವೆಂದು ಅನ್ನಿಸುತ್ತಿದ್ದ ದಿನಗಳಲ್ಲಿ ಆ ಕಾರ್ಡು ಮೇಜಿನ ಮೇಲಿದ್ದದ್ದರಿಂದ ಬಿಡಲಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ಛಲಕ್ಕಿಂತ ನಾಚಿಕೆ ದೊಡ್ಡದಿತ್ತು.

ಮುಂದಿನ ವರ್ಷದ ಬೇಸಗೆಯಲ್ಲಿ ಕಚೇರಿಗೆ ಹೊಸ ಅಧಿಕಾರಿಯೊಬ್ಬರು ಬಂದರು. ನಿವೃತ್ತಿಗೆ ಹತ್ತಿರವಾದ, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಮನುಷ್ಯ. ನಾಲ್ಕು ಪುಟವನ್ನೂ ಓದಿದರು. ಓದಿದವರು ಅವರೇ ಮೊದಲಿಗರು.

‘ಎಲ್ಲ ಸರಿ ಅಮ್ಮಾ’ ಎಂದರು. ‘ಆದ್ರೆ ನೀವು ಬೀಡಿ ಕಟ್ಟುವವರು ಅನ್ಲಿಕ್ಕೆ ಸಾಕ್ಷಿ ಎಂತ? ಬ್ರಾಂಚಿನ ಪತ್ರ ಇಲ್ಲದಿದ್ರೆ ಸ್ಥಳಪರಿಶೀಲನೆ ಆಗ್ಬೇಕು. ಅಲ್ಲಿಗೆ ಹೋಗ್ಲಿಕ್ಕೆ ಜೀಪು ಇಲ್ಲ. ಯಾವಾಗ ಬರ್ತದೆ ಅಂತ ನನಗೂ ಗೊತ್ತಿಲ್ಲ.’

ನಾನು ಎದ್ದೇಬಿಟ್ಟಿದ್ದೆ. ಜೀಪಿಲ್ಲವೆಂದರೆ ಇನ್ನೊಂದು ವರ್ಷವೆಂದು ಅಷ್ಟರಲ್ಲಿ ಕಲಿತಿದ್ದೆ. ರೇವತಿ ಏಳಲಿಲ್ಲ. ‘ಈ ಮೇಜೇ ನಮ್ಮ ಮನೆ ಅಂತ ತಿಳ್ಕೊಳ್ಳಿ ಸಾರ್’ ಎಂದು, ಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಗಳನ್ನು ತೆಗೆದಳು. ಕತ್ತರಿ, ನೂಲು, ಕಾಗದದ ಪೊಟ್ಟಣದಲ್ಲಿ ಹೊಗೆಸೊಪ್ಪು. ಅಂದು ಮನೆಯಿಂದ ಹೊರಡುವಾಗಲೇ ಇದನ್ನು ಯೋಚಿಸಿ ಬಂದಿದ್ದಳು, ನನಗೆ ಹೇಳಿರಲಿಲ್ಲ. ಎಲೆಯನ್ನು ಅಳತೆಗೆ ಕತ್ತರಿಸಿ, ಪುಡಿ ಉದುರಿಸಿ, ಬೆರಳುಗಳ ನಡುವೆ ಉರುಳಿಸಿ, ತುದಿ ಮಡಚಿ, ನೂಲು ಸುತ್ತಿ ಅಧಿಕಾರಿಯ ಮುಂದೆ ಇಟ್ಟಳು. ಅದರ ಪಕ್ಕದಲ್ಲಿ ಇನ್ನೊಂದು. ಮತ್ತೊಂದು. ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ ಕಡತದ ಮೇಲೆ ಬೀಡಿಗಳ ಸಾಲು ಬೆಳೆಯಿತು, ಒಂದರಂತೆ ಇನ್ನೊಂದು. ಪಕ್ಕದ ಮೇಜಿನ ಗುಮಾಸ್ತರು ಎದ್ದು ಬಂದು ನೋಡಿದರು. ನಡುವೆ ಕೆಮ್ಮು ಬಂತು. ಕೈ ನಿಲ್ಲಲಿಲ್ಲ.

‘ಸಾಕಮ್ಮಾ, ಸಾಕು’ ಎಂದರು ಅಧಿಕಾರಿ. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು, ಮೂಗಿನ ಬಳಿ ತಂದರು, ಮತ್ತೆ ಅದೇ ಸಾಲಿನಲ್ಲಿ ಇಟ್ಟರು. ಹಣೆಯ ಮೇಲಿನ ಕನ್ನಡಕವನ್ನು ಇಳಿಸಿ, ಅರ್ಜಿಯ ಅಂಚಿನಲ್ಲಿ ‘ಪರಿಶೀಲಿಸಲಾಯಿತು’ ಎಂದು ಬರೆದು ಸಹಿ ಹಾಕಿದರು. ಬಳಿಕ ಕಾರ್ಡುಗಳ ದೊಡ್ಡ ಪುಸ್ತಕವನ್ನು ಎಳೆದುಕೊಂಡು, ಖಾಲಿ ಸಾಲೊಂದರ ಮೇಲೆ ಪೆನ್ನಿಟ್ಟು ಕೇಳಿದರು:

‘ಹೆಸರು?’

ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ. ತೆರೆದದ್ದನ್ನು ಮುಚ್ಚಿದೆ.

ಅವಳು ಕೈಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡು, ನೇರ ಕುಳಿತು, ತನ್ನ ಹೆಸರನ್ನು ಪೂರ್ತಿಯಾಗಿ ಹೇಳಿದಳು.